ನಾಲ್ಕು ಗಂಟೆಯ ದೋಣಿ

ನಾಲ್ಕು ಗಂಟೆಯ ದೋಣಿ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿದ್ದೇ ಕಂಟ್ರೋಲರು ಮಾಡಿದ ತಪ್ಪು.

ದೋಣಿಯವನು ತೆಂಗಿನಮರಕ್ಕೆ ಬೆನ್ನು ಕೊಟ್ಟು, ಅರ್ಧ ಕಣ್ಣು ಮುಚ್ಚಿ ಕೂತಿದ್ದ. "ನಾಲ್ಕಕ್ಕೆ" ಎಂದ.

"ನಾಲ್ಕು ಅಂದ್ರೆ ನಾಲ್ಕೇನಾ?"

"ನಾಲ್ಕು ಅಂದ್ರೆ ನಾಲ್ಕೂವರೆ, ಐದು, ಹಾಗೆ. ಐದು ದಾಟಿದ್ರೆ ನೀರು ಇಳಿದು ಹವಳದ ದಿಬ್ಬ ಮೇಲೆ ಬರುತ್ತೆ. ಆಮೇಲೆ ಬೆಳಿಗ್ಗೆವರೆಗೂ ದೋಣಿ ಇಲ್ಲ. ಮೊನ್ನೆ ಹಂಗೇ ಆಯ್ತು. ಮಾತಾಡ್ತಾ ಮಾತಾಡ್ತಾ ನೀರು ಇಳಿದುಬಿಡ್ತು."

ಇಪ್ಪತ್ತೆರಡು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರಾಗಿ ಕೂತು, ನಿಮಿಷಕ್ಕೊಂದು ಬಸ್ಸು ಬಿಡಿಸಿದ ಮನುಷ್ಯನಿಗೆ ಈ ಮಾತು ಕೇಳಿ ತಲೆ ತಿರುಗಿತು. ಅದೂ ಅಂಥಾ ದಿನ.

ಆ ಇಪ್ಪತ್ತೆರಡು ವರ್ಷವೂ ಅವರದು ಸಂಜೆ ಪಾಳಿ. ಮಧ್ಯಾಹ್ನ ಮನೆ ಬಿಟ್ಟರೆ ಹನ್ನೊಂದಕ್ಕೆ ವಾಪಸು. ಹೆಂಡತಿ ಒಬ್ಬಳೇ ದೀಪ ಹಾಕುವಳು, ಒಬ್ಬಳೇ ಉಣ್ಣುವಳು. ಕಡೆಗೊಂದು ದಿನ ಅವಳು ಎರಡು ದೊಡ್ಡ ಬೆನ್ನುಚೀಲ ಕೊಂಡುತಂದು ಗಂಡನ ಮುಂದಿಟ್ಟಳು. "ದ್ವೀಪಗಳಿಗೆ ಹೋಗೋಣ. ಕೊನೇ ದ್ವೀಪದಲ್ಲಿ ಚಂದ್ರ ಇಲ್ಲದ ರಾತ್ರಿ ಅಲೆಗಳು ನೀಲಿಯಾಗಿ ಹೊಳೀತಾವಂತೆ. ಕತ್ತಲಾಗೋದನ್ನ ಒಂದೇ ಒಂದು ಸಲ ನಿಮ್ಮ ಜೊತೆ ಕೂತು ನೋಡ್ಬೇಕು, ರೀ." ಕಂಟ್ರೋಲರು ಅವತ್ತೇ ರಜೆ ಬರೆದು ಹಾಕಿದರು.

ಹನ್ನೆರಡು ದಿನದಲ್ಲಿ ನಾಲ್ಕು ದ್ವೀಪ ಸುತ್ತಿದ್ದಾಯಿತು. ಆದರೆ ಒಂದು ಸಂಜೆ ಮಳೆ, ಒಂದು ಸಂಜೆ ಕಂಟ್ರೋಲರಿಗೆ ಹೊಟ್ಟೆನೋವು, ಉಳಿದ ಸಂಜೆಗಳಲ್ಲಿ ಬೆನ್ನುಚೀಲದ ಭಾರಕ್ಕೆ ಸೂರ್ಯನಿಗಿಂತ ಮೊದಲೇ ಅವರು ಮಲಗಿಬಿಟ್ಟಿದ್ದರು. ಐದನೆಯದೇ ಕೊನೆಯದು. ಚಂದ್ರನಿಲ್ಲದ ರಾತ್ರಿ ಇವತ್ತೇ. ನಾಳೆ ಅಲ್ಲಿಂದಲೇ ಊರಿಗೆ ಹಡಗು. ಅಲ್ಲಿಗೆ ಹೋಗುವ ಈ ನಾಲ್ಕರ ದೋಣಿ ತಪ್ಪಿದರೆ ಮುಗಿಯಿತು.

"ರೀ, ಬಂದು ಕೂತ್ಕೊಳ್ಳಿ" ಎಂದಳು ಹೆಂಡತಿ. ಎರಡು ಮರಗಳ ನಡುವೆ ಕಟ್ಟಿದ್ದ ಹಳೇ ಮೀನುಬಲೆಯಲ್ಲಿ ಅವಳು ತೂಗುತ್ತ ಮಲಗಿದ್ದಳು. ದೋಣಿಕಟ್ಟೆಯ ಕೆಳಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನುಗಳಿಗಿಂತ ಮರಳ ಮೇಲೆ ಬಿದ್ದ ಅವುಗಳ ನೆರಳೇ ಮೊದಲು ಕಾಣುತ್ತಿತ್ತು. ಗಾಳಿ ಇತ್ತು, ಆದರೆ ಅದಕ್ಕೂ ಅವಸರವಿರಲಿಲ್ಲ. "ದೋಣಿ ಹೋದಾಗ ಹೋಗುತ್ತೆ. ನೀರು ನೋಡಿ, ಎಷ್ಟು ಚಂದ ಇದೆ."

"ನಿನ್ನ ಸಂಜೆಗೋಸ್ಕರಾನೇ ಕಣೇ ನಾನು ಓಡಾಡ್ತಿರೋದು" ಎಂದು ಕಂಟ್ರೋಲರು ಎರಡೂ ಚೀಲಗಳನ್ನು ದೋಣಿಯಲ್ಲಿಟ್ಟು ಬಂದರು. ಗಡಿಯಾರದಲ್ಲಿ ಹನ್ನೊಂದೂವರೆ.

ವಿಚಾರಿಸಿದಾಗ ರೋಗದ ಮೂಲ ಸಿಕ್ಕಿತು. ಎಂಜಿನ್ ಸದ್ದು ಕೇಳದೆ ಜನ ಮನೆಯಿಂದ ಹೊರಡುತ್ತಿರಲಿಲ್ಲ. ಜನ ಬಾರದೆ ದೋಣಿಯವನು ಎಂಜಿನ್ ಹಚ್ಚುತ್ತಿರಲಿಲ್ಲ.

"ಇವತ್ತು ಹೋಗೋರು ಯಾರ್ಯಾರು?" ಎಂದು ಕೇಳಿದರು.

ಕಟ್ಟೆಯ ಮೇಲಿನ ಚಹದಂಗಡಿ ಅಕ್ಕ ಬೆರಳು ಮಡಚಿದಳು. "ಬಡಗಿ ಹೋಗ್ತಾನೆ, ಒಂದು ಬಾಗಿಲು ಕೊಡೋದಿದೆ. ಕೋಳಿಯಮ್ಮ ಹೋಗ್ತಾಳೆ. ಮೇಷ್ಟ್ರು ಹೋಗ್ತಾರೆ. ಅಲ್ಲಣ್ಣಾ, ಇಷ್ಟು ಬಿಸಿಲಲ್ಲಿ ಯಾಕೆ ಒದ್ದಾಡ್ತೀಯ? ಒಂದು ಎಳನೀರು ಕುಡಿ."

ಕಂಟ್ರೋಲರು ಎಳನೀರು ಕುಡಿಯಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಹೊರಟರು.

ಬಡಗಿಯ ಬಾಗಿಲಿಗೆ ಬಣ್ಣ ಒಣಗಿರಲಿಲ್ಲ. "ಅದು ಒಣಗಿದಾಗ ನಾನು ಬರ್ತೀನಿ" ಎಂದ ಬಡಗಿ. ಕಂಟ್ರೋಲರು ಒಂದು ಮುರುಕು ತಟ್ಟೆ ಹಿಡಿದು ಬಾಗಿಲಿಗೆ ಮುಕ್ಕಾಲು ಗಂಟೆ ಗಾಳಿ ಹಾಕಿದರು. ಬಡಗಿ ಪಕ್ಕದಲ್ಲಿ ಕೂತು, "ಸ್ವಲ್ಪ ಮೇಲಕ್ಕೆ. ಹಾಂ, ಆ ಮೂಲೇಗೂ ಒಂಚೂರು" ಎನ್ನುತ್ತಿದ್ದ. ಅಂಗಿಯ ತೋಳಿಗೆ ಹಸಿರು ಬಣ್ಣ ಹತ್ತಿತು.

ಕೋಳಿಯಮ್ಮನ ಮನೆಯಲ್ಲಿ ಕೋಳಿಗಳು ಇನ್ನೂ ಹೊರಗೇ ಮೇಯುತ್ತಿದ್ದವು. "ಅವು ಕತ್ತಲಾದ ಮೇಲೆ ತಾವೇ ಬುಟ್ಟಿ ಸೇರ್ತಾವೆ" ಎಂದಳು ಆಕೆ. ಕತ್ತಲೆಯ ಹೆಸರೆತ್ತಿದ್ದೇ ಕಂಟ್ರೋಲರು ತಾವೇ ಹಿತ್ತಿಲಿಗೆ ನುಗ್ಗಿದರು. ಆರು ಕೋಳಿ ಹಿಡಿಯುವಷ್ಟರಲ್ಲಿ ಎರಡು ಸಲ ಬಿದ್ದರು, ಒಂದು ಸಲ ಬಾವಿಕಟ್ಟೆ ಹತ್ತಿದರು. ನೆರೆಯವರೆಲ್ಲ ಬೇಲಿಗೆ ಕೈಯೂರಿ ನಿಂತು, ಯಾವ ಕೋಳಿ ಯಾವ ಕಡೆ ಓಡೀತು ಎಂದು ಸಲಹೆ ಕೊಟ್ಟರು. ಒಬ್ಬರ ಸಲಹೆಯೂ ಸರಿಯಾಗಲಿಲ್ಲ.

ಮೇಷ್ಟ್ರು ಮಲಗಿದ್ದರು. ಎಬ್ಬಿಸಿದ್ದಕ್ಕೆ ಬೇಸರಪಡದೆ, "ನೋಡಿ, ಈ ಊರಲ್ಲಿ ಶಾಲೆ ಗಂಟೆ ಹೊಡೆಯೋನು ನಾನು. ನಾನು ಹೊಡೆದಾಗ ಹತ್ತು ಗಂಟೆ. ನಲವತ್ತು ವರ್ಷದಲ್ಲಿ ಒಂದು ದಿನಾನೂ ತಡ ಆಗಿಲ್ಲ" ಎಂದು ಮಗ್ಗುಲಾದರು.

ಆದರೂ ನೀರಿಗಿಳಿದ ಮೇಲೆ ಚಳಿಯೇನು? ಕಂಟ್ರೋಲರು ಕಟ್ಟೆಗೆ ವಾಪಸು ಬಂದು ದೋಣಿಯವನನ್ನು ಎಬ್ಬಿಸಿ ಮೂರೂವರೆಗೆ ಎಂಜಿನ್ ಹಚ್ಚಿಸಿದರು. ಸದ್ದು ಕೇಳಿ ಊರು ಗಲಿಬಿಲಿಗೊಂಡಿತು. ದಿಂಬು, ಬುಟ್ಟಿ, ಬಾಗಿಲು ಹೊತ್ತು ಜನ ಬಂದರು. "ನಾವು ಎಲ್ಲಿ ಕೂರೋದು?" "ಕೋಳಿ ಎಲ್ಲಿಡ್ಲಿ?" ಎಂದು ಎಲ್ಲರೂ ದೋಣಿಯವನನ್ನು ಬಿಟ್ಟು ಕಂಟ್ರೋಲರನ್ನೇ ಕೇಳತೊಡಗಿದರು. ಅಕ್ಕ ಕಟ್ಟೆಯ ತುದಿಗೆ ಒಂದು ಸ್ಟೂಲು ತಂದಿಟ್ಟಳು. ಅದರ ಮೇಲೆ ಕೂತದ್ದೇ ತಡ, ಹದಿಮೂರು ದಿನದಲ್ಲಿ ಮೊದಲ ಸಲ ಕಂಟ್ರೋಲರ ಬೆನ್ನು ನೆಟ್ಟಗಾಯಿತು. ಸುಳ್ಳು ಯಾಕೆ, ನಾಲ್ಕು ದ್ವೀಪದಲ್ಲಿ ಸಿಗದ ಸುಖ ಅವರಿಗೆ ಆ ಸ್ಟೂಲಿನ ಮೇಲೆ ಸಿಕ್ಕಿತ್ತು.

ಹೆಂಡತಿಯನ್ನು ಕೈಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ, ಕಿಟಕಿಯಿಲ್ಲದಿದ್ದರೂ ಕಿಟಕಿ ಪಕ್ಕದಂತಿದ್ದ ಜಾಗದಲ್ಲಿ ಕೂರಿಸಿದರು. ಅವಳು ನಿದ್ದೆಗಣ್ಣಲ್ಲೇ ನಕ್ಕಳು.

"ಟೈಮ್ ಆದ ಮೇಲೆ ಯಾರಿಗೂ ಕಾಯಬಾರದು" ಎಂದರು ದೋಣಿಯವನಿಗೆ. "ಮಂತ್ರಿ ಬರಲಿ, ಮಾವ ಬರಲಿ. ಕೂಗಿದ್ರೂ ತಿರುಗಿ ನೋಡಬಾರದು. ಒಂದ್ಸಲ ನಿಲ್ಲಿಸಿದ್ರೆ ದಿನಾ ನಿಲ್ಲಿಸಬೇಕಾಗುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್" ಎಂದ ದೋಣಿಯವನು. ಜನ್ಮದಲ್ಲಿ ಅವನಿಗೆ ಯಾರೂ ಇಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ.

ಮೂರು ಐವತ್ತೊಂಬತ್ತು. ಕಂಟ್ರೋಲರು ತಲೆ ಎಣಿಸಿದರು, ಬಾಗಿಲನ್ನು ಸರಿಯಾಗಿ ಮಲಗಿಸಿದರು, ಹಗ್ಗ ಬಿಚ್ಚಿದರು. ಮುಳ್ಳು ನಾಲ್ಕಕ್ಕೆ ಬಂತು. ದೋಣಿಯ ಪಕ್ಕೆಗೆ ಎರಡು ಸಲ ಪಟಪಟ ಬಡಿದು, "ರೈಟ್" ಎಂದರು.

ದೋಣಿ ಹೊರಟಿತು. ಆ ದ್ವೀಪದ ನೆನಪಿನಲ್ಲಿ ಮೊದಲ ಬಾರಿಗೆ ನಾಲ್ಕು ಗಂಟೆಯ ದೋಣಿ ನಾಲ್ಕು ಗಂಟೆಗೆ ಹೊರಟಿತು. ಹಿಂದೆ ನೊರೆಯ ದಾರಿ ಬಿಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕಂಟ್ರೋಲರು ಸೊಂಟದ ಮೇಲೆ ಕೈಯಿಟ್ಟು, ಮಗಳನ್ನು ಗಂಡನ ಮನೆಗೆ ಕಳಿಸಿದ ಅಪ್ಪನಂತೆ ಕಣ್ಣು ತುಂಬಿಕೊಂಡು ನೋಡಿದರು. ದೋಣಿಯ ಮುಂಭಾಗದಲ್ಲಿ ಯಾರೋ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದರು. ಕಂಟ್ರೋಲರೂ ಬೀಸಿದರು.

ಅಷ್ಟರಲ್ಲಿ ಮೇಷ್ಟ್ರು ಕೊಡೆ ಹಿಡಿದು ನಿಧಾನವಾಗಿ ಬಂದರು.

"ಟೈಮ್ ಆಯ್ತು ಮೇಷ್ಟ್ರೇ" ಎಂದರು ಕಂಟ್ರೋಲರು, ದನಿಯಲ್ಲಿ ಹೆಮ್ಮೆ. "ದೋಣಿ ಯಾರಿಗೂ ಕಾಯಲ್ಲ."

"ಸರಿ ಬಿಡಿ, ನಾನು ನಾಳೆ ಹೋಗ್ತೀನಿ" ಎಂದರು ಮೇಷ್ಟ್ರು. ಮತ್ತೆ ಕಣ್ಣು ಕಿರಿದು ಮಾಡಿ ದೋಣಿಯನ್ನೂ ಇವರನ್ನೂ ನೋಡಿದರು. "ಅಲ್ಲ, ನೀವೂ ಅದಕ್ಕೇ ಹೋಗೋರಲ್ವಾ?"

ಬಸ್ಸು ಬಿಡಿಸಿದ ಕಂಟ್ರೋಲರು ಆ ಬಸ್ಸು ಹತ್ತುವುದುಂಟೇ? ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹತ್ತಿದವರಲ್ಲ.

ಅವರು ಕಟ್ಟೆಯ ತುದಿಗೆ ಓಡಿ, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದರು. ನೀರಿನ ಮೇಲೆ ಹೆಂಡತಿಯ ದನಿ ತೇಲಿ ಬಂತು. "ನಿಲ್ಸಪ್ಪಾ, ನಮ್ಮ ಯಜಮಾನ್ರು ಅಲ್ಲೇ ಉಳಿದ್ರು." ಹಿಂದೆಯೇ ದೋಣಿಯವನ ದನಿ. "ಆಗಲ್ಲಮ್ಮ. ಒಂದ್ಸಲ ನಿಲ್ಲಿಸಿದ್ರೆ ದಿನಾ ನಿಲ್ಲಿಸಬೇಕಾಗುತ್ತಂತೆ." ಅವನು ತಿರುಗಿಯೂ ನೋಡಲಿಲ್ಲ.

ನೀರು ಇಳಿಯಿತು. ಹವಳದ ದಿಬ್ಬ ಮೇಲೆ ಬಂತು. ಆಕಾಶ ಮೊದಲು ಕಿತ್ತಳೆಯಾಗಿ, ಆಮೇಲೆ ನೇರಳೆಯಾಗಿ, ಕತ್ತಲು ಎಷ್ಟು ಮೆತ್ತಗೆ ಇಳಿಯಿತೆಂದರೆ ಅದನ್ನು ನೋಡಲು ಪಕ್ಕದಲ್ಲಿ ಒಬ್ಬರಿರಲೇಬೇಕು ಅನ್ನಿಸುವಂತಿತ್ತು. ಆಚೆ ದಡದಲ್ಲಿ ಅವಳೂ ಒಬ್ಬಳೇ ಕೂತು ಇದನ್ನೇ ನೋಡುತ್ತಿರುತ್ತಾಳೆ ಎಂದುಕೊಂಡಾಗ ಕಂಟ್ರೋಲರಿಗೆ ಅಳು ಬಂತು.

ಚಹದಂಗಡಿ ಅಕ್ಕ ಒಂದು ಲಾಟೀನು ತಂದು ಸ್ಟೂಲಿನ ಪಕ್ಕ ಇಟ್ಟಳು. ಅವಳ ಹಿಂದೆ ಏಳೆಂಟು ಜನ, ಒಬ್ಬರ ಹಿಂದೆ ಒಬ್ಬರು ಅಚ್ಚುಕಟ್ಟಾಗಿ ಸಾಲಾಗಿ ನಿಂತಿದ್ದರು.

"ಅಣ್ಣಾ, ಬೇಜಾರು ಮಾಡ್ಕೋಬೇಡ" ಎಂದಳು ಅಕ್ಕ. "ಬೆಳಿಗ್ಗೆ ದೋಣಿ ಎಷ್ಟು ಗಂಟೆಗೆ ಬಿಡಿಸ್ತೀಯ ಅಂತ ಕೇಳ್ತಿದಾರೆ."