ತುಪ್ಪ ಮೆತ್ತಿದ ರಿವಾಲ್ವರ್

ನನಗೆ ಆತುರ ಎನ್ನುವುದು ಆಗಿಬರುವುದಿಲ್ಲ. ನನ್ನ ವಯಸ್ಸಿನವರೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಅರವತ್ತು ಮೈಲಿ ವೇಗ ಮುಟ್ಟುವ ಕಾರುಗಳ ಹಿಂದೆ ಬಿದ್ದಿದ್ದರೆ, ನಾನು ಆರು ಗುಂಡು ತುಂಬುವುದಕ್ಕೇ ಹತ್ತು ನಿಮಿಷ ಕೇಳುವ ರಿವಾಲ್ವರ್ ಕೊಂಡೆ. ಹಳೇ ಕಾಲದ ಕುದುರೆ ಸವಾರರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಮಾದರಿ. ತಯಾರಾದದ್ದು ಮಾತ್ರ ಈಚೆಗೆ. ರೆಡಿಮೇಡ್ ತೋಟಾ ಇದಕ್ಕೆ ಒಗ್ಗದು. ಗುಂಡು ಕೂರುವ ಒಂದೊಂದು ಗೂಡಿಗೂ ಕರಿಮದ್ದು ಅಳೆದು ಸುರಿಯಬೇಕು, ಸೀಸದ ಗೋಲಿ ಇಟ್ಟು ಅದುಮಬೇಕು, ಬಾಯಿಗೆ ಗ್ರೀಸ್ ಮೆತ್ತಬೇಕು, ಕೊನೆಗೆ ಹಿಂಬದಿಗೆ ಕಿಡಿ ಹೊತ್ತಿಸುವ ಪುಟ್ಟ ತಾಮ್ರದ ಟೋಪಿ ತೊಡಿಸಬೇಕು. ಮನೆಗೆ ಕಳ್ಳ ನುಗ್ಗಿದರೆ, "ಸ್ವಲ್ಪ ಕೂತಿರಿ, ಕಾಫಿ ಆಗ್ಲಿ" ಎಂದು ಉಪಚರಿಸದೆ ವಿಧಿಯಿಲ್ಲ.

ನಾನಿರುವುದು ಅಮೆರಿಕದ ಕೆಂಡಲ್ ಪಾರ್ಕಿನಲ್ಲಿ, ಸುಧಾ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ. ಗುರಿ ಅಭ್ಯಾಸದ ರೇಂಜಿನಲ್ಲಿ ಗುಂಡು ಹೊಡೆದು ಬಂದ ದಿನವೇ ರಿವಾಲ್ವರನ್ನು ಬಿಸಿನೀರು, ಸೋಪು ಹಾಕಿ ತೊಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ನಾನು ತೊಳೆಯುತ್ತಿದ್ದದ್ದು ಅಕ್ಕನ ಅಡುಗೆಮನೆ ಸಿಂಕಿನಲ್ಲಿ. ಗಂಧಕದ ಮಸಿ ನೀರಿಗೆ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆಯನ್ನೇ ಒಳಗೆ ಬಿಡದ ಮನೆ ಅದು. ಮೂರನೇ ಸಲಕ್ಕೆ ಅಕ್ಕ ತೀರ್ಪು ಕೊಟ್ಟಳು.

"ಶನಿವಾರ ನಾನೂ ರೇಂಜಿಗೆ ಬರ್ತೀನಿ. ಆರರಲ್ಲಿ ಒಂದಾದ್ರೂ ಆ ಕಾಗದಕ್ಕೆ ತಾಗಿದ್ರೆ ಇದು ಮನೇಲಿರ್ಲಿ. ಇಲ್ಲಾಂದ್ರೆ ಮಾರ್ಬಿಡು."

ನಿಮಗೆ ಸುಲಭ ಅನ್ನಿಸಬಹುದು. ಅಲ್ಲಿಯವರೆಗೂ ನನ್ನ ಗುಂಡುಗಳು ಗುರಿಯ ಕಾಗದವನ್ನು ದೂರದಿಂದಲೇ ಗೌರವಿಸಿ, ಹಿಂದಿನ ಮಣ್ಣುದಿಬ್ಬದಲ್ಲಿ ಐಕ್ಯವಾಗುತ್ತಿದ್ದವು.

ಶನಿವಾರ ರೇಂಜಿನಲ್ಲಿ ಮದ್ದು ಸುರಿದು ಗೋಲಿ ಅದುಮಿದ ಮೇಲೆ ಗೊತ್ತಾಯಿತು, ಗ್ರೀಸ್ ಡಬ್ಬಿ ಮನೆಯಲ್ಲೇ ಉಳಿದಿದೆ. ಅದಿಲ್ಲದೆ ಹೊಡೆದರೆ ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೂ ಹಾರೀತು ಎಂಬ ಭಯ. ಅಕ್ಕನ ಊಟದ ಚೀಲದಲ್ಲಿ ಬಿಸಿಬೇಳೆಬಾತಿನ ಜೊತೆ ಪುಟ್ಟ ಡಬ್ಬಿಯಲ್ಲಿ ತುಪ್ಪವಿತ್ತು. ಚಳಿಗೆ ಹರಳುಗಟ್ಟಿ ಹದವಾಗಿತ್ತು. ಬೆರಳು ಅದ್ದಿದೆ.

"ಲೋ, ಅದು ಮನೇಲಿ ಕಾಸಿದ ತುಪ್ಪ ಕಣೋ. ಬಾತಿಗೆ ಏನ್ ಹಾಕ್ಕೊಳ್ಳೋದು, ನಿನ್ನ ಗ್ರೀಸಾ?"

"ಅದನ್ನ ಮರೆತು ಬಂದಿರೋದಕ್ಕೇ ಈ ಗತಿ, ಅಕ್ಕ."

ಐದು ಗುಂಡು ಹೊಡೆದೆ. ಐದು ಸಲವೂ ಸೌದೆ ಒಲೆ ಊದಿದಷ್ಟು ಬಿಳಿ ಹೊಗೆ. ಅದು ಸರಿದಾಗ ಕಾಗದ ಈಗತಾನೇ ಇಸ್ತ್ರಿ ಮಾಡಿದಂತೆ ಶುಭ್ರವಾಗಿತ್ತು. ರೇಂಜನ್ನು ನೋಡಿಕೊಳ್ಳುವ ಅಮೆರಿಕನ್ ತಾತ ಮೂಗರಳಿಸುತ್ತ ಬಂದ. "ಸಮ್‌ಬಡಿ ಬೇಕಿಂಗ್ ಕುಕೀಸ್?"

"ಮೈ ಬ್ರದರ್," ಎಂದಳು ಅಕ್ಕ. "ವೇಸ್ಟಿಂಗ್ ಮೈ ಘೀ."

ಉಳಿದದ್ದು ಒಂದೇ ಗುಂಡು. ನಾನು ಹೊಡೆದರೆ ರಿವಾಲ್ವರ್ ಹೋಯಿತೆಂದೇ ಲೆಕ್ಕ. ಅಕ್ಕನೇ ಹೊಡೆದು ತಪ್ಪಿದರೆ ಕರುಣೆಯಾದರೂ ಹುಟ್ಟೀತು ಎಂಬ ದುರಾಲೋಚನೆ ಬಂತು.

"ಎಷ್ಟು ಕಷ್ಟ ಅಂತ ನೀನೇ ನೋಡಕ್ಕ."

ತಾತ ಪಕ್ಕ ನಿಂತು ಹಿಡಿಯುವ ಬಗೆ ತೋರಿಸಿದ. ಅಕ್ಕ ಒಗ್ಗರಣೆ ಸಿಡಿಯುವುದನ್ನು ಕಾಯುವವಳಂತೆ ಮುಖ ಬಿಗಿದು ಟ್ರಿಗರ್ ಒತ್ತಿದಳು. ಹೊಗೆ ಸರಿಯುವುದನ್ನೇ ಮೂವರೂ ಕಾದೆವು. ಕಾಗದದ ನಟ್ಟನಡುವೆ, ಹಣೆಗೆ ಕುಂಕುಮವಿಟ್ಟಂತೆ, ಒಂದು ತೂತು.

"ಅಕ್ಕ, ತಾಗ್ತು. ಹಾಗಾದ್ರೆ ಇಟ್ಕೋಬಹುದು ತಾನೆ?"

ಅಕ್ಕ ಕಾಗದದಿಂದ ಕಣ್ಣು ಕೀಳಲಿಲ್ಲ. "ಹೂಂ, ಇಟ್ಕೋತೀನಿ."

ಈಗ ಪ್ರತಿ ಶನಿವಾರ ಅವಳು ಹೊಡೆಯುತ್ತಾಳೆ, ನಾನು ತುಂಬಿಕೊಡುತ್ತೇನೆ. ಪರ್ಮಿಟ್ ಇರುವುದು ನನ್ನ ಹೆಸರಿನಲ್ಲಿ, ನಾನಿಲ್ಲದೆ ಅದನ್ನು ಒಯ್ಯುವಂತಿಲ್ಲ. ಹಾಗಾಗಿ ಕಾರಿನ ರಿಜಿಸ್ಟ್ರೇಷನ್ ಕಾಗದದಂತೆ ನನ್ನನ್ನೂ ಮರೆಯದೆ ಜೊತೆಗಿಟ್ಟುಕೊಂಡೇ ಹೊರಡುತ್ತಾಳೆ.