ಭಾವನ ಮನೆಯ ಸೌಂಡ್‌ಬಾರುಗಳು

ಜಗತ್ತಿನ ಎಲ್ಲ ಸ್ಪೀಕರುಗಳಿಗೂ ಗಂಟಲು ಕಟ್ಟಿದೆ ಎಂಬುದನ್ನು ಕಂಡುಹಿಡಿದ ಏಕೈಕ ವ್ಯಕ್ತಿ ನಮ್ಮ ಭಾವ! ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ಅವರ ಮನೆಗೆ ಬಂದುಹೋದ, ಟಿವಿ ಕೆಳಗಿಡುವ ಸೌಂಡ್‌ಬಾರುಗಳನ್ನು ಸಾಲಾಗಿ ಜೋಡಿಸಿದರೆ ಡ್ರೈವ್‌ವೇ ತುಂಬೀತು. ಒಂದೊಂದೂ ಹದಿನೈದು ದಿನ ಗೋಡೆಗೆ ಒರಗಿದ್ದು, "ಡಯಲಾಗ್ ಕ್ಲಾರಿಟಿ ಇಲ್ಲ" ಎಂಬ ಆರೋಪ ಹೊತ್ತು ಅಂಗಡಿಗೆ ವಾಪಸ್ ಹೋಗಿದೆ. ನಿಜ ಏನೆಂದರೆ, ಭಾವನ ಕಿವಿ ಮಂದವಾಗಿದೆ. ಇದು ನಮ್ಮಕ್ಕನಿಗೆ ಗೊತ್ತು, ಅವರ ಮಗಳಿಗೆ ಗೊತ್ತು, ಸಿಡ್ನಿಯಲ್ಲಿರುವ ನನಗೂ ಗೊತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಭಾವನಿಗೂ ಗೊತ್ತು, ಆದರೆ ಅದನ್ನವರು ನಮಗೆ ಹೇಳುತ್ತಾರೆ.

ನನಗೆ ಗೊತ್ತಾದದ್ದು ಮಾತ್ರ ಕೊಂಚ ತಡವಾಗಿ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಒಮ್ಮೆ, "ನಿನ್ನ ಮೈಕ್ ಹೋಗೇತಲೇ, ಚೇಂಜ್ ಮಾಡು" ಅಂದರು. ಗ್ಯಾಜೆಟ್ ವಿಷಯದಲ್ಲಿ ಅವರ ಮಾತು ಮೀರುವುದುಂಟೇ? ಮರುವಾರವೇ ಹೊಸದು ತಂದೆ. "ಈಗ ನೋಡು, ಗಂಟಿ ಹೊಡದಂಗ ಕೇಳ್ತೈತಿ" ಎಂದು ಹೊಗಳಿದರು. ಕಾಲ್ ಮುಗಿದ ಮೇಲೆ ನೋಡುತ್ತೇನೆ, ಹೊಸ ಮೈಕನ್ನು ನಾನು ಜೋಡಿಸಿಯೇ ಇರಲಿಲ್ಲ! ಅವತ್ತು ಮಕ್ಕಳ ಮೇಲಿನ ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದ್ದೆ, ಅಷ್ಟೆ.

ಇಂಟರ್ನೆಟ್ಟಿನಲ್ಲಿ ಭಾವ ನೋಡದ ರಿವ್ಯೂ ವಿಡಿಯೋ ಇಲ್ಲ. ಸಬ್‌ಟೈಟಲ್ ಹಾಕಿಕೊಂಡೇ ನೋಡುತ್ತಾರೆ, ಕೇಳಿದರೆ "ಡೀಟೇಲ್ಸ್ ಮಿಸ್ ಆಗಬಾರದು ನೋಡಪಾ" ಎನ್ನುತ್ತಾರೆ. ಒಂದು ಹೆಡ್‌ಫೋನಿನ ವಿಡಿಯೋ ಕೆಳಗೆ, ಇದರಲ್ಲಿ ಹೆಂಗಸರ ದನಿ ಬರುವುದೇ ಇಲ್ಲ ಎಂದು ಮಾರುದ್ದದ ಕಾಮೆಂಟ್ ಬರೆದರು. ಅದನ್ನು ಓದಿ ಬ್ರೆಜಿಲ್‌ನ ಯಾವನೋ ಪುಣ್ಯಾತ್ಮ ತನ್ನ ಹೆಡ್‌ಫೋನನ್ನು ವಾಪಸ್ ಕೊಟ್ಟು, ಇವರಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದಾನೆ! ಪಾಪ, ಅವನ ಕಿವಿ ಚೆನ್ನಾಗಿಯೇ ಇದ್ದಿರಬೇಕು.

ಆಮೇಲೆ ಮಾತಾಡುವ ಸ್ಪೀಕರ್ ಬಂತು. ಇವತ್ತು ಮಳೆ ಇದೆಯೇ ಎಂದು ಭಾವ ಅದನ್ನು ಇಂಗ್ಲಿಷಿನಲ್ಲಿ ಗದರಿ ಕೇಳುತ್ತಾರೆ. ಅದು ವಿನಯದಿಂದ ಉತ್ತರಿಸುತ್ತದೆ. ಅಡುಗೆಮನೆಯಿಂದ ಅಕ್ಕನೂ, "ಇದೆ ಅಂತೆ, ಛತ್ರಿ ತಗೊಂಡ್ಹೋಗಿ" ಅನ್ನುತ್ತಾಳೆ. ಎರಡೂ ಕೇಳಿಸದ ಭಾವ, ಉತ್ತರವೇ ಕೊಡಲಿಲ್ಲವೆಂದು ಇಬ್ಬರ ಮೇಲೂ ಮುನಿಸಿಕೊಂಡು ಹೋಗಿ, ನೆನೆದುಕೊಂಡು ಮನೆಗೆ ಬರುತ್ತಾರೆ. ಒಮ್ಮೆ ಕಿವಿ ತೋರಿಸಿಕೊಳ್ಳಿ ಎಂದು ಅಕ್ಕ ಚೀಟಿಯಲ್ಲಿ ಬರೆದು ಮುಂದಿಟ್ಟಳು. "ಸಾಫ್ಟ್‌ವೇರ್ ಅಪ್‌ಡೇಟ್ ಬಂದ್ರ ಸರಿಹೋಗತೈತಿ, ತಡಿ" ಎಂದು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ನಾವು ನಗುತ್ತಿದ್ದೆವು. ಆದರೆ ಈಗ ಯೋಚಿಸಿದರೆ ಅವರು ಹೆದರಿದ್ದರು ಅನಿಸುತ್ತದೆ. ವಸ್ತು ಕೆಟ್ಟರೆ ಬಿಲ್ ಹಿಡಿದು ಅಂಗಡಿಗೆ ಹೋಗಬಹುದು. ಕೆಟ್ಟದ್ದು ನಾವೇ ಆದರೆ ಯಾವ ಕೌಂಟರಿನ ಮುಂದೆ ನಿಲ್ಲಬೇಕು? ಐವತ್ತೈದರ ಹೊಸ್ತಿಲಲ್ಲಿ, ತನಗಿಂತ ಚಿಕ್ಕವರೇ ತುಂಬಿರುವ ಆಫೀಸಿನಲ್ಲಿ, ನನಗೆ ಕೇಳಿಸುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಸುಲಭವಲ್ಲ.

ಕಳೆದ ಶಾಲಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆವು. ಭಾವನ ಮಗಳಿಗೆ ಹದಿನೇಳು. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಧಾರವಾಡದವರಾದ ಭಾವ ಅವಳ ಬಾಯಲ್ಲಿ ತಮ್ಮ ಮಾತು ಕೇಳಬೇಕೆಂದು ಬೈದು, ಬೇಡಿ, ಲಂಚ ಕೊಟ್ಟು, ಕೊನೆಗೆ ಸೋತು ಸುಮ್ಮನಾಗಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಅವಳೇ ಬಡಿಸುತ್ತಿದ್ದಳು. ಅಪ್ಪನ ಹಿಂದೆ ನಿಂತು, ಸಂಕೋಚದಿಂದ, ಮೆಲ್ಲಗೆ ಕೇಳಿದಳು:

"ಅಪ್ಪಾ, ಇನ್ನೊಂದು ರೊಟ್ಟಿ ಹಾಕ್ಲೇನು?"

ಅಕ್ಕನ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು. ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೇಳಿಸದಿದ್ದಾಗಲೆಲ್ಲ ಅನ್ನುವಂತೆ, "ಗುಡ್, ಗುಡ್" ಅಂದರು. ಹುಡುಗಿ ಒಂದು ಕ್ಷಣ ಕಾದಳು. "ನೆವರ್ ಮೈಂಡ್, ಡ್ಯಾಡ್" ಎಂದು ರೊಟ್ಟಿಯನ್ನು ಡಬ್ಬಿಗೆ ಹಾಕಿ ಒಳಗೆ ಹೋದಳು.

ನಮ್ಮ ಮುಖ ನೋಡಿ ಭಾವನಿಗೆ ಏನೋ ತಪ್ಪಿದೆ ಎಂದು ಹೊಳೆಯಿತು. ಕೈ ತೊಳೆದವರೇ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದರು.

"ಏನಂದ್ಲು ಆಕಿ?"

ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಕನ್ನಡದಾಗ?"

"ನಿಮ್ಮ ಕಡೆ ಕನ್ನಡದಲ್ಲೇ ಭಾವ."

ಅವರು ಮೆಟ್ಟಿಲ ಮೇಲೆ ಕೂತರು. "ನಾ ಏನಂದೆ ಅದಕ್ಕ?"

"ಗುಡ್ ಗುಡ್ ಅಂದ್ರಿ."

ಜೇಬಿನಿಂದ ತಮ್ಮ ಫೋನು ತೆಗೆದು ನನ್ನ ಕೈಗಿಟ್ಟರು.

"ಕಿವಿ ಡಾಕ್ಟರಿಗೆ ಫೋನ್ ಹಚ್ಚಿ ಅಪಾಯಿಂಟ್‌ಮೆಂಟ್ ಬುಕ್ ಮಾಡು. ಅವರು ಮಾತಾಡೋದು ನನಗ ಕೇಳಂಗಿಲ್ಲ."

ಹತ್ತಿರದ ಕ್ಲಿನಿಕ್ಕೊಂದರ ನಂಬರು ಹುಡುಕಿ ಒತ್ತಿದೆ. ಅತ್ತ ಯಾರೋ ಫೋನೆತ್ತಿದರು, ನಾನು ವಿಷಯ ಹೇಳುವಷ್ಟು ಹೊತ್ತೂ ಭಾವ ನನ್ನ ತುಟಿಯನ್ನೇ ನೋಡುತ್ತಿದ್ದರು. "ಯಾವಾಗ ಬರ್ಲಿ ಅಂತ ಕೇಳು," ಅಂದರು, "ನಾಳೆನೇ ಆಗ್ತದೇನು ಕೇಳು."