ನಮ್ಮ ಹಾಸ್ಟೆಲಿನ ಬಡತನದ ವಾರ

ಹುಡುಗಿಯರ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದವಳು ನಗಲಿಕ್ಕೆಂದು ಸಿನಿಮಾಕ್ಕೆ ಹೋಗಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಕಂಕನಾಡಿಯ ಒಂದು ಹಾಸ್ಟೆಲಿನಲ್ಲಿ ಆ ಕೆಲಸದಲ್ಲಿದ್ದೆ. ನಡೆಸುತ್ತಿದ್ದವರು ಕ್ರೈಸ್ತ ಸನ್ಯಾಸಿನಿಯರು. ಅವರಲ್ಲಿ ಹಿರಿಯ ಸಿಸ್ಟರಿಗೆ ಒಂದೇ ಚಿಂತೆ: ಹುಡುಗಿಯರೆಲ್ಲ ಉಳ್ಳವರ ಮಕ್ಕಳು, ಇವರಿಗೆ ಕ್ರಿಸ್ತನ ಕರುಣೆ ಬರುವುದು ಹೇಗೆ? ಅದಕ್ಕಾಗಿ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಒಂದು ವಾರ ಎಲ್ಲರೂ ಬಡವರ ಹಾಗೆ ಬದುಕಬೇಕೆಂದು ಕಟ್ಟಳೆ ಮಾಡಿದರು.

ಗಂಜಿ

ಮೊದಲ ದಿನ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಸಿಸ್ಟರ್ ತಾವೇ ಬಡಿಸಲು ನಿಂತರು. ಹುಡುಗಿಯರು ತಲೆಯೆತ್ತದೆ ಉಂಡರು, ಮತ್ತೆ ಹಾಕಿಸಿಕೊಂಡರು. ಪಾತ್ರೆ ಖಾಲಿಯಾಯಿತು. ಮನಸ್ಸಿಗೆ ಏನನಿಸಿತೆಂದು ಸಿಸ್ಟರ್ ಹುಡುಗಿಯೊಬ್ಬಳನ್ನು ಮೆತ್ತಗೆ ಕೇಳಿದರು.

"ಈಸ್ಟರ್ ಆದ ಮೇಲೂ ನಾವು ಬಡವರಾಗಿಯೇ ಇರ್ತೇವೆ ಸಿಸ್ಟರ್," ಎಂದಳು. "ದಿನಾ ಹಾಕುವ ಆ ಸಾಂಬಾರು ಮಾತ್ರ ಇನ್ನು ಬೇಡ."

ಮರುದಿನದಿಂದ ತಲೆಗೆ ಒಂದೇ ಸೌಟು ಎಂದಾಯಿತು.

ಹಳೆಯ ಸೀರೆ

ಹಳೆಯ ಬಟ್ಟೆಯನ್ನೇ ಉಡಬೇಕೆಂದೂ ನಿಯಮವಿತ್ತು. ಒಬ್ಬಳ ಪೆಟ್ಟಿಗೆಯಲ್ಲಿ ಹಳೆಯದೆಂಬುದೇ ಇರಲಿಲ್ಲ. ಅವಳು ಅಂಗಳ ಗುಡಿಸುವ ಹೆಂಗಸಿಗೆ ತನ್ನ ಫಾರಿನ್ ನೈಲಾನ್ ಸೀರೆ ಕೊಟ್ಟು ಅವಳದನ್ನು ಉಟ್ಟುಕೊಂಡಳು. ಮರುದಿನ ನೋಡಿದರೆ ಆ ಹೆಂಗಸು ನೈಲಾನ್ ಸೀರೆಯಲ್ಲಿ ವರಾಂಡದ ಬೆಂಚಿನ ಮೇಲೆ ಕೂತಿದ್ದಾಳೆ. ಅಂಗಳದ ತುಂಬ ಎಲೆ, ಗುಡಿಸುವ ಹಿಡಿಸೂಡಿ ಎಲ್ಲೂ ಕಾಣೆ. ಇವತ್ತು ಗುಡಿಸುವುದಿಲ್ಲವಾ ಎಂದು ಕೇಳಿದೆ.

"ಸೀರೆಯೊಟ್ಟಿಗೆ ಹಿಡಿಸೂಡಿಯನ್ನೂ ಅವಳಿಗೇ ಕೊಟ್ಟಿದ್ದೇನಲ್ಲ," ಎಂದಳು.

ಬೋಳಾರದ ಮನೆ

ವಾರದ ಕೊನೆಗೆ ಒಬ್ಬೊಬ್ಬಳು ಒಂದೊಂದು ಬಡವರ ಮನೆಯಲ್ಲಿ ಒಂದು ದಿನ ಕಳೆಯಬೇಕು, ತಾನು ಯಾರ ಮಗಳೆಂದು ಬಾಯಿಬಿಡಬಾರದು. ದುಬಾಯಿಯಲ್ಲಿ ದೊಡ್ಡ ಕೆಲಸದಲ್ಲಿದ್ದವರ ಮಗಳೊಬ್ಬಳನ್ನು ಬೋಳಾರದಲ್ಲಿ ಹಂಚಿನ ಕಾರ್ಖಾನೆಗೆ ಹೋಗುವ ಹೆಂಗಸಿನ ಮನೆಗೆ ಕಳಿಸಿದೆವು. ಹುಡುಗಿ ನಿಯಮ ಮುರಿಯಲಿಲ್ಲ. ಬರಿಗಾಲಲ್ಲಿ ಹೋದಳು, ಕೊಟ್ಟದ್ದನ್ನೆಲ್ಲ ಉಂಡಳು, ಬಂಗುಡೆ ಮೀನಿನ ಸಾರನ್ನು ಮತ್ತೆ ಮತ್ತೆ ಕೇಳಿದಳು. ಇಷ್ಟು ಹಸಿವೆ ಎಂತ ಮಗಾ ಎಂದು ಕೇಳಿದ್ದಕ್ಕೆ, ಹಾಸ್ಟೆಲಿನಲ್ಲಿ ಒಂದೇ ಸೌಟು ಗಂಜಿ ಹಾಕುವುದೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮರುದಿನ ಬೆಳಿಗ್ಗೆ ಆ ಹೆಂಗಸು ಹಾಸ್ಟೆಲಿಗೇ ಬಂದಳು. ಕಂಕುಳಲ್ಲಿ ಅಕ್ಕಿಯ ಗಂಟು. ನೆರೆಮನೆಯವರೂ ಒಂದೊಂದು ಹಿಡಿ ಹಾಕಿದ್ದರಂತೆ. ಅದನ್ನು ಸಿಸ್ಟರರ ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ವಿಷಯ ಬಿಡಿಸಿ ಹೇಳಲು ಸಿಸ್ಟರ್ ಬಾಯಿ ತೆರೆದರು, ಆಕೆ ಬಿಡಲಿಲ್ಲ.

"ಬೇಜಾರು ಮಾಡ್ಬೇಡಿ ಸಿಸ್ಟರ್. ಬಡವರ ಮಗು ಅಂತ ಹೀಗೆ ಉಪವಾಸ ಹಾಕುವುದಾ? ನಿಮಗೆ ಸ್ವಲ್ಪವಾದರೂ ಕರುಣೆ ಬೇಡವಾ?"